ನಮ್ಮೂರಿನ ಲೇಖನ ನಮ್ಮೂರಿಗೇ ಸಿಗಲಿಲ್ಲ

ಯುಗಾದಿಗೆ ನಮ್ಮೂರು ರಾಜಘಟ್ಟಕ್ಕೆ ಹೋಗಿದ್ದೆ. ದೊಡ್ಡಬಳ್ಳಾಪುರದಲ್ಲಿ ಬಿ.ಎ. ಓದುವ ಅಣ್ಣನ ಮಗಳು, "ಚಿಕ್ಕಪ್ಪ, ನಮ್ಮೂರಿನ ಬೌದ್ಧ ನೆಲೆ ಬಗ್ಗೆ ಬರೆದಿದ್ದೀರಂತಲ್ಲ, ಪ್ರಾಜೆಕ್ಟ್‌ಗೆ ಬೇಕು" ಅಂದಳು. 2001ರಲ್ಲಿ ಮೈಸೂರು ವಿಶ್ವವಿದ್ಯಾಲಯದವರು ಅಗೆದಾಗ ಇಲ್ಲಿ ಮಣ್ಣಿನ ಪುಟ್ಟ ಹರಕೆ ಸ್ತೂಪಗಳು ಸಿಕ್ಕಿದ್ದವು. ಆ ಜಾಗದ ಬಗ್ಗೆ ಊರಿನವರಿಗಿರುವ ನೆನಪುಗಳ ಮೇಲೆ ನಾನು ಬರೆದದ್ದು ಹೊರದೇಶದ ಪತ್ರಿಕೆಯಲ್ಲಿ ಬಂದಿತ್ತು. ಮೂರು ದಿನ ಬಿಸಿಲಲ್ಲಿ ಹೊಲ ಸುತ್ತಿಸಿ ಹಿರಿಯರನ್ನೆಲ್ಲ ಮಾತಾಡಿಸಿದವನು ಅಣ್ಣನೇ.

ಜಗಲಿಯ ಮೇಲೆ ಕೂತು ಅವಳ ಮೊಬೈಲಿನಲ್ಲೇ ಹುಡುಕಿದೆವು. ನನ್ನ ಹೆಸರು ಬಂತು, ತಲೆಬರಹ ಬಂತು, ಸಾರಾಂಶದ ನಾಲ್ಕು ಸಾಲು ಬಂತು. ಕೆಳಗೆ ಬೀಗದ ಚಿತ್ರ, ಪಕ್ಕದಲ್ಲಿ ಡಾಲರ್ ಲೆಕ್ಕ. ನಾನು ಪಾಠ ಮಾಡುವ ವಿಶ್ವವಿದ್ಯಾಲಯದ ಲಾಗಿನ್ ಹಾಕಿದೆ. ಆ ಪತ್ರಿಕೆಯ ಚಂದಾ ಯಾವಾಗಲೋ ನಿಂತಿತ್ತು. ನನ್ನ ಪ್ರತಿ ಇದ್ದ ಲ್ಯಾಪ್‌ಟಾಪ್ ಕೆಟ್ಟು ಗುಜರಿಗೆ ಹೋಗಿತ್ತು. ಮೇಲ್ ಕೆದಕಿದೆ, ಸಿಕ್ಕಿದ್ದು ಬರೀ ಮೊದಲ ಕರಡು, ಅದೂ ಅರ್ಧ. ಅಣ್ಣ ಹೋಳಿಗೆ ತಟ್ಟೆ ಪಕ್ಕಕ್ಕಿಟ್ಟ. "ನಮ್ ಹೊಲದ ವಿಷ್ಯ ಓದಕ್ಕೆ ನಾವೇ ದುಡ್ಡು ಕೊಡ್ಬೇಕೇನೋ?" ನನಗೆ ತಲೆ ಎತ್ತಲಾಗಲಿಲ್ಲ.

ಲೇಖನ ಒಪ್ಪಿಗೆಯಾದಾಗ ನಮ್ಮ ಗ್ರಂಥಪಾಲಕರು ಮೂರು ಸಲ ಕೇಳಿದ್ದರು: "ಸಾರ್, ಒಪ್ಪಿಗೆಯಾದ ಪ್ರತಿ ಕೊಡಿ, ರೆಪಾಸಿಟರಿಗೆ ಹಾಕ್ತೀನಿ." ರೆಪಾಸಿಟರಿ ಅಂದರೆ ನಮ್ಮವರ ಲೇಖನಗಳನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಓದುವಂತೆ ಇಡುವ ಆನ್‌ಲೈನ್ ಭಂಡಾರ. ಕದೀತಾರೆ ಅಂದೆ. ಬಿಟ್ಟಿ ಸಿಗುವುದಕ್ಕೆ ಬೆಲೆಯೆಲ್ಲಿ ಅಂದೆ. ಸ್ಟಾಫ್ ರೂಮಿನಲ್ಲಿ ಹೆಚ್ಚಿನವರದ್ದು ಇದೇ ಮಾತು. ಆಡಳಿತದ ಹಿರಿಯರೊಬ್ಬರಂತೂ, "ಬಡ್ತಿಗೆ ಅದರಿಂದ ಅಂಕ ಬರಲ್ಲ, ಬಿಡಿ" ಅಂದುಬಿಟ್ಟರು. ಆ ಮಾತಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನಂಬಿದ ನನ್ನ ಮೇಲೆ ಇನ್ನೂ ಹೆಚ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲೇ ಇಂಥ ಭಂಡಾರ ಶುರು ಮಾಡಿದೆ. ನನ್ನದೇ ಪಿಎಚ್.ಡಿ. ಪ್ರಬಂಧ, ಇಂಥ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಯಾರು ಬೇಕಾದರೂ ಓದುವಂತಿದೆ, ಅದನ್ನು ಯಾರೂ ಕದ್ದಿಲ್ಲ. ಎಲ್ಲರ ಕಣ್ಣೆದುರು ಇರುವುದನ್ನು ಕದ್ದವನು ಬೇಗ ಸಿಕ್ಕಿಬೀಳುತ್ತಾನೆ. ಇಷ್ಟು ಸರಳ ವಿಷಯ ಹೊಳೆಯಲಿಲ್ಲ.

ಮೇಷ್ಟ್ರುಗಳಿಗೆ ಹೇಳುವುದಿಷ್ಟೆ. ಪ್ರಕಾಶಕರು ಕಳಿಸುವ ಕೃತಿಸ್ವಾಮ್ಯದ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಓದಿ, ಅರ್ಥವಾಗದಿದ್ದರೆ ಗ್ರಂಥಪಾಲಕರಿಗೆ ತೋರಿಸಿ. ಪ್ರಕಾಶಕರು ಪುಟ ವಿನ್ಯಾಸ ಮಾಡಿದ ಪ್ರತಿಯನ್ನು ಹಾಕಲು ಸಾಮಾನ್ಯವಾಗಿ ಬಿಡುವುದಿಲ್ಲ. ವಿಮರ್ಶಕರು ಒಪ್ಪಿದ ನಿಮ್ಮ ವರ್ಡ್ ಪ್ರತಿಯನ್ನು, ಕೆಲವು ತಿಂಗಳು ಕಳೆದ ಮೇಲೆ, ಹಲವರು ಬಿಡುತ್ತಾರೆ. ಒಪ್ಪಿಗೆಯ ಮೇಲ್ ಬಂದ ದಿನವೇ ಅದನ್ನು ಗ್ರಂಥಾಲಯಕ್ಕೆ ಕಳಿಸಿ, ಆ ತಿಂಗಳುಗಳು ಕಳೆದ ಮೇಲೆ ಅವರು ತೆರೆದಿಡಲಿ.

ನಾನು ಪ್ರತಿ ಕೇಳಿ ಪತ್ರಿಕೆಯ ಸಂಪಾದಕರಿಗೆ ಎರಡು ಸಲ ಬರೆದೆ. ಉತ್ತರ ಬರುವ ಮುಂಚೆಯೇ ಹುಡುಗಿಯ ಪ್ರಾಜೆಕ್ಟ್ ಕೊಡುವ ದಿನ ಮುಗಿದುಹೋಯಿತು.