ಆಡುವ ಎರೆಹುಳು, ನೋಡುವ ಎರೆಹುಳು

ಪಗಡೆಯನ್ನು ಆಡುವವನ ಕುತೂಹಲವೂ ಮಹಾಭಾರತದ ದ್ಯೂತಪ್ರಸಂಗವನ್ನು ಕೇಳುವವನ ಕುತೂಹಲವೂ ಒಂದೇ ಬಗೆಯವಲ್ಲ. ಆಡುವವನ ಮನಸ್ಸೆಲ್ಲವೂ ದಾಳದ ಮೇಲೆ ನೆಟ್ಟಿರುತ್ತದೆ. ಮುಂದೆ ಯಾವ ಗರ ಬೀಳುವುದು, ಯಾವ ಕಾಯನ್ನು ನಡೆಸಬೇಕು ಎಂಬುದೇ ಅವನ ಚಿಂತೆ. ಕೇಳುವವನಿಗೆ ಗರದ ಲೆಕ್ಕ ಬೇಕಾಗಿಲ್ಲ. ಸೋಲುತ್ತಿರುವುದನ್ನು ಕಂಡೂ ಧರ್ಮರಾಯನು ಏಕೆ ಎದ್ದು ಹೋಗಲಾರನು, ಇನ್ನು ಏನನ್ನು ಪಣಕ್ಕೆ ಒಡ್ಡುವನು ಎಂಬುದೇ ಅವನನ್ನು ಹಿಡಿದು ಕೂರಿಸುವುದು. ಆಟವನ್ನು ನಡೆಸುವುದು ನಿಯಮ. ಕಥೆಯನ್ನು ನಡೆಸುವುದು ಸ್ವಭಾವ.

ನಮ್ಮ ಕಾಲದಲ್ಲಿ ಈ ಭೇದವು ಒಂದು ಕೈಗಾರಿಕೆಯ ಸಮಸ್ಯೆಯೇ ಆಗಿ ಪರಿಣಮಿಸಿದೆ. ವಿಡಿಯೊ ಆಟವೊಂದು ಜನಪ್ರಿಯವಾದೊಡನೆ ಅದನ್ನು ಮಕ್ಕಳ ಟೆಲಿವಿಷನ್ ಧಾರಾವಾಹಿಯನ್ನಾಗಿ ಮಾಡುವ ಪ್ರಯತ್ನವು 1982ರಷ್ಟು ಹಿಂದೆಯೇ ನಡೆಯಿತು. ಜಪಾನಿನ 'ಪ್ಯಾಕ್-ಮ್ಯಾನ್' ಆಟವನ್ನು ಅಮೆರಿಕದ ಹ್ಯಾನಾ-ಬಾರ್ಬೆರಾ ಸಂಸ್ಥೆಯು ಆ ವರ್ಷ ಕಾರ್ಟೂನು ಧಾರಾವಾಹಿಯಾಗಿ ತಯಾರಿಸಿತು. ಇಂಥ ರೂಪಾಂತರದಲ್ಲಿ ಏನು ಉಳಿಯುತ್ತದೆ, ಏನು ಅಳಿಯುತ್ತದೆ, ಅಳಿದುದರ ಸ್ಥಾನದಲ್ಲಿ ಏನನ್ನು ಇಡಬೇಕಾಗುತ್ತದೆ ಎಂಬುದನ್ನು 'ಅರ್ಥ್‌ವರ್ಮ್ ಜಿಮ್', ಎಂದರೆ 'ಎರೆಹುಳು ಜಿಮ್', ಎಂಬ ಅಮೆರಿಕದ ಆಟದ ನಿದರ್ಶನದಿಂದ ಪರಿಶೀಲಿಸೋಣ.

ಆಟದ ಕಥಾವಸ್ತು

ಕ್ಯಾಲಿಫೋರ್ನಿಯದ ಷೈನಿ ಎಂಟರ್‌ಟೇನ್‌ಮೆಂಟ್ ಎಂಬ ಸಂಸ್ಥೆಯು ಈ ಆಟವನ್ನು 1994ರಲ್ಲಿ ಹೊರತಂದಿತು. ಡೇವಿಡ್ ಪೆರಿ ಎಂಬವರು ಆಗ ಸಂಸ್ಥೆಯ ಮುಖ್ಯಸ್ಥರಾಗಿದ್ದರು. ನಾಯಕನಾದ ಜಿಮ್‌ನನ್ನು ಕಲ್ಪಿಸಿ ಚಿತ್ರಿಸಿದವರು ಡಗ್ ಟೆನ್‌ನೇಪಲ್. ಪ್ರಕಾಶಕರು ಪ್ಲೇಮೇಟ್ಸ್ ಎಂಬ ಆಟಿಕೆ ತಯಾರಕರು. ಈ ಕೊನೆಯ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು.

ಕಥೆಯು ಸರಳವಾದುದು. ಸೈ-ಕ್ರೋ ಎಂಬ ದುಷ್ಟ ಕಾಗೆಯ ದೆಸೆಯಿಂದ ಆಕಾಶದಲ್ಲಿ ಕಾದಾಟವಾಗಿ, ಅಪಾರ ಶಕ್ತಿಯುಳ್ಳ ಒಂದು ಕವಚವು ಭೂಮಿಗೆ ಬೀಳುತ್ತದೆ. ಅದು ಬಂದು ಬೀಳುವುದು ಒಂದು ಸಾಮಾನ್ಯ ಎರೆಹುಳುವಿನ ಮೇಲೆ. ಹುಳುವು ಕವಚದೊಳಗೆ ಸೇರಿ, ಕೈಕಾಲುಗಳನ್ನು ಪಡೆದು, ವೀರನಾಗುತ್ತದೆ. ಬಿಡಿಸಿ ತರಬೇಕಾದ ರಾಜಕುಮಾರಿಯೂ ಒಬ್ಬಳಿದ್ದಾಳೆ. ಅವಳ ಹೆಸರೇ 'ಅದೇನೋ ಹೆಸರಿನವಳು' ಎಂಬರ್ಥದ್ದು. ವೀರಕಥೆಗಳೆಲ್ಲವನ್ನೂ ಅಣಕಿಸುವ ಈ ಹಾಸ್ಯವೂ, ಕಾಗದದ ಮೇಲೆ ಕೈಯಿಂದ ಬರೆದು ಗಣಕಯಂತ್ರಕ್ಕೆ ಇಳಿಸಿದ ಚಿತ್ರಗಳ ಲಾಲಿತ್ಯವೂ ಸೇರಿ, ಆ ಆಟಕ್ಕೆ ನಿಷ್ಠಾವಂತ ಅಭಿಮಾನಿಗಳ ಬಳಗವನ್ನು ಗಳಿಸಿಕೊಟ್ಟವು. ಮರುವರ್ಷ, 1995ರ ಸೆಪ್ಟೆಂಬರಿನಲ್ಲಿ, ಅದೇ ಹೆಸರಿನ ಧಾರಾವಾಹಿಯು ಅಮೆರಿಕದ ಟೆಲಿವಿಷನ್ನಿನಲ್ಲಿ ಆರಂಭವಾಯಿತು. ಅದನ್ನು ಧಾರಾವಾಹಿಯ ರೂಪಕ್ಕೆ ತಂದವರು ಡಗ್ ಲ್ಯಾಂಗ್‌ಡೇಲ್. ತಯಾರಿಸಿದುದು ಯೂನಿವರ್ಸಲ್ ಸಂಸ್ಥೆಯ ಕಾರ್ಟೂನು ವಿಭಾಗ.

ಎರಡು ಬಗೆಯ ಮಿತವ್ಯಯ

ಎರಡೂ ಚಲಿಸುವ ಚಿತ್ರಗಳೇ ಆಗಿರುವಾಗ ಒಂದನ್ನು ಮತ್ತೊಂದಕ್ಕೆ ಹಾಗೆಯೇ ಎತ್ತಿ ಇಡಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಸ್ವಲ್ಪ ಗಣಿತವು ಉತ್ತರ ಕೊಡುತ್ತದೆ.

ಸೆಗಾ ಸಂಸ್ಥೆಯ ಜೆನೆಸಿಸ್ ಎಂಬ ಯಂತ್ರಕ್ಕಾಗಿ ತಯಾರಾದ ಈ ಆಟದ ಕಾರ್ಟ್ರಿಜ್ಜಿನಲ್ಲಿ 24 ಮೆಗಾಬಿಟ್ ಸ್ಮರಣಶಕ್ತಿಯಿತ್ತು. ಎಂಟು ಬಿಟ್‌ಗಳಿಗೆ ಒಂದು ಬೈಟು; ಆದ್ದರಿಂದ ಇದು 3 ಮೆಗಾಬೈಟು, ಎಂದರೆ 31,45,728 ಬೈಟುಗಳು. ಯಂತ್ರದ ಪರದೆಯಲ್ಲಿ ಅಡ್ಡಲಾಗಿ 320, ಉದ್ದಕ್ಕೆ 224 ಚುಕ್ಕೆಗಳು, ಒಟ್ಟು 71,680. ಪ್ರತಿ ಚುಕ್ಕೆಯ ಬಣ್ಣವನ್ನು ಹೇಳಲು 4 ಬಿಟ್ ಬೇಕು. ಹೀಗೆ ಪೂರ್ಣ ಪರದೆಯ ಒಂದು ಚಿತ್ರಕ್ಕೆ 35,840 ಬೈಟುಗಳಾದುವು. ಭಾಗಿಸಿ ನೋಡಿದರೆ, ಇಡೀ ಕಾರ್ಟ್ರಿಜ್ಜಿನಲ್ಲಿ ಬೇರೇನನ್ನೂ ಇಡದೆ ಚಿತ್ರಗಳನ್ನೇ ತುಂಬಿದರೂ ಹಿಡಿಯುವುದು 87 ಮಾತ್ರ. ಪರದೆಯು ಸೆಕೆಂಡಿಗೆ ಸುಮಾರು 60 ಸಲ ಹೊಸತಾಗುವುದರಿಂದ, ಅಷ್ಟೂ ಚಿತ್ರಗಳು ಒಂದೂವರೆ ಸೆಕೆಂಡಿನೊಳಗೆ ಮುಗಿದುಹೋಗುವುವು!

ಆದಕಾರಣ ಯಂತ್ರವು ಪೂರ್ಣಚಿತ್ರಗಳನ್ನು ಕೂಡಿಡುವುದಿಲ್ಲ. ಎಂಟು ಚುಕ್ಕೆ ಉದ್ದ, ಎಂಟು ಚುಕ್ಕೆ ಅಗಲದ ಸಣ್ಣ ತುಂಡುಗಳನ್ನು ಇಟ್ಟುಕೊಂಡು, ಹೆಂಚುಗಳಂತೆ ಅವನ್ನೇ ಮತ್ತೆ ಮತ್ತೆ ಜೋಡಿಸುತ್ತದೆ. ಕಾಲ, ಸ್ಥಳ, ಶತ್ರು ಎಲ್ಲವೂ ಪುನರಾವರ್ತನೆಯಾಗುತ್ತವೆ. ಆದರೂ ಬೇಸರವಾಗುವುದಿಲ್ಲ, ಏಕೆಂದರೆ ಪ್ರತಿಸಲವೂ ಗುಂಡಿಯನ್ನು ಒತ್ತುವ ಕೈಯು ಆಟಗಾರನದು.

ಧಾರಾವಾಹಿಯ ಲೆಕ್ಕವೇ ಬೇರೆ. ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತುಗಳನ್ನು ಕಳೆದರೆ ಉಳಿಯುವುದು ಸುಮಾರು 22 ನಿಮಿಷ. ಸೆಕೆಂಡಿಗೆ 24 ಫ್ರೇಮುಗಳಂತೆ, ಒಂದೊಂದು ಚಿತ್ರವನ್ನು ಎರಡು ಫ್ರೇಮುಗಳ ಕಾಲ ನಿಲ್ಲಿಸುವ ರೂಢಿಯನ್ನು ಅನುಸರಿಸಿದರೆ, 15,840 ಚಿತ್ರಸ್ಥಿತಿಗಳು ಬೇಕು. ಇಷ್ಟನ್ನೂ ಹೊಸದಾಗಿ ಬರೆಯುವುದು ಟೆಲಿವಿಷನ್ನಿನ ಹಣದ ಮಿತಿಯಲ್ಲಿ ಸಾಧ್ಯವಿಲ್ಲ. ಆದ್ದರಿಂದ ಇಲ್ಲಿಯ ಚಿತ್ರಕಾರರು ಮೈಯನ್ನು ನಿಶ್ಚಲವಾಗಿಟ್ಟು ಬಾಯಿಯನ್ನೋ ಕಣ್ಣನ್ನೋ ಮಾತ್ರ ಚಲಿಸುವಂತೆ ಮಾಡುವರು. ಆಟವು ಪುನರಾವರ್ತನೆಯಿಂದ ಉಳಿತಾಯ ಮಾಡಿದರೆ, ಧಾರಾವಾಹಿಯು ನಿಶ್ಚಲತೆಯಿಂದ ಉಳಿತಾಯ ಮಾಡುತ್ತದೆ. ನಿಂತ ಚಿತ್ರಕ್ಕೆ ಜೀವ ಬರಬೇಕಾದರೆ ಮಾತು ಬೇಕು.

ಚಲನೆಯಲ್ಲಿಯೂ ವ್ಯತ್ಯಾಸವುಂಟು. ಕಾರ್ಟೂನಿನಲ್ಲಿ ಪಾತ್ರವು ಹಾರುವುದಕ್ಕೆ ಮೊದಲು ಮೊಣಕಾಲು ಮಡಿಸಿ ಕುಗ್ಗುತ್ತದೆ. ಆ ಪೂರ್ವಸಿದ್ಧತೆಯನ್ನು ಕಂಡ ನೋಡುಗನ ಮನಸ್ಸು ನೆಗೆತಕ್ಕೆ ಅಣಿಯಾಗುತ್ತದೆ. ಆಟದಲ್ಲಿ ಇದಕ್ಕೆ ಹೆಚ್ಚು ಅವಕಾಶವಿಲ್ಲ. ಗುಂಡಿ ಒತ್ತಿದ ಕ್ಷಣವೇ ಜಿಮ್ ಹಾರಬೇಕು. ಕುಗ್ಗುತ್ತ ಕುಳಿತರೆ, ಯಂತ್ರವು ತನ್ನ ಮಾತು ಕೇಳುತ್ತಿಲ್ಲವೆಂದು ಆಟಗಾರನು ಸಿಡುಕುವನು. ನೋಡುವವನಿಗೆ ರುಚಿಸುವ ವಿಳಂಬವು ಆಡುವವನಿಗೆ ದೋಷವಾಗಿ ತೋರುತ್ತದೆ.

ದನಿಯ ಲೆಕ್ಕ

ಆಟದ ಜಿಮ್ ಹೆಚ್ಚು ಮಾತನಾಡುವವನಲ್ಲ. ಆಗೊಮ್ಮೆ ಈಗೊಮ್ಮೆ ಅವನು ಹಾಕುವ ಕೂಗುಗಳಿಗೆ ಟೆನ್‌ನೇಪಲ್ ಅವರೇ ದನಿ ಕೊಟ್ಟಿದ್ದರು. ಈ ಮೌನಕ್ಕೂ ಗಣಿತವೇ ಕಾರಣ. ದೂರವಾಣಿಯ ಮಟ್ಟದ ದನಿಯನ್ನು ಅಂಕಿಗಳಾಗಿ ದಾಖಲಿಸಲು ಸೆಕೆಂಡಿಗೆ 8,000 ಬೈಟು ಬೇಕೆಂದು ಇಟ್ಟುಕೊಂಡರೆ, 22 ನಿಮಿಷಗಳ ಮಾತಿಗೆ 1,05,60,000 ಬೈಟು ಬೇಕಾಗುತ್ತದೆ. ಇದು ಕಾರ್ಟ್ರಿಜ್ಜಿನ ಮೂರು ಪಟ್ಟಿಗಿಂತಲೂ ಅಧಿಕ. ಧಾರಾವಾಹಿಗೆ ಈ ನಿರ್ಬಂಧವಿರಲಿಲ್ಲ. ಹೋಮರ್ ಸಿಂಪ್ಸನ್ ಪಾತ್ರದ ದನಿಯಿಂದ ಪ್ರಖ್ಯಾತರಾದ ಡ್ಯಾನ್ ಕ್ಯಾಸ್ಟೆಲನೆಟಾ ಅವರು ಜಿಮ್‌ನಿಗೆ ಕಂಠವಿತ್ತರು. ಮೌನಿಯಾಗಿದ್ದ ಹುಳುವು ಜಂಬದ ಮಾತಿನ, ಒಳ್ಳೆಯ ಮನಸ್ಸಿನ, ಬುದ್ಧಿ ತುಸು ಮಂದವಾದ ವೀರನಾಗಿ ಬದಲಾಯಿತು. ಆಟದಲ್ಲಿ ಜಿಮ್‌ನಿಗೆ ಬುದ್ಧಿಯ ಅಗತ್ಯವಿರಲಿಲ್ಲ. ಆಟಗಾರನ ಬುದ್ಧಿಯೇ ಅವನ ಬುದ್ಧಿಯಾಗಿತ್ತು. ಆಟಗಾರನು ದೂರ ಸರಿದ ಮೇಲೆ ಅಲ್ಲಿ ಉಳಿದ ತೆರವನ್ನು ಧಾರಾವಾಹಿಯ ಕರ್ತೃಗಳು ಒಂದು ಸ್ವಭಾವದಿಂದ ತುಂಬಿದರು.

ನಿಯಮವು ಸ್ವಭಾವವಾದ ಬಗೆ

ಈ ರೂಪಾಂತರದ ಅತ್ಯುತ್ತಮ ನಿದರ್ಶನವು ಪೀಟರ್ ಎಂಬ ನಾಯಿಮರಿ. ಆಟದ ಒಂದು ಘಟ್ಟದಲ್ಲಿ ಜಿಮ್ ಈ ಮರಿಯನ್ನು ಕ್ಷೇಮವಾಗಿ ದಾಟಿಸಬೇಕು. ಹಳ್ಳ ಬಂದಾಗ ಅದನ್ನು ಹಾರಿಸಬೇಕು. ಮೇಲೆ ಬೀಳುವ ಅಪಾಯಗಳಿಂದ ಕಾಪಾಡಬೇಕು. ತಪ್ಪಿದರೆ ಮುದ್ದಾದ ಮರಿಯು ಕ್ಷಣಾರ್ಧದಲ್ಲಿ ಘೋರ ರಾಕ್ಷಸನಾಗಿ ಜಿಮ್‌ನನ್ನೇ ಥಳಿಸುತ್ತದೆ. ಆಟದ ದೃಷ್ಟಿಯಿಂದ ಇದು ಕೇವಲ ಒಂದು ನಿಯಮ: ಎಚ್ಚರ ತಪ್ಪಿದವನಿಗೆ ದಂಡ.

ಧಾರಾವಾಹಿಯಲ್ಲಿ ಪೀಟರ್ ಜಿಮ್‌ನ ಸಂಗಡಿಗನಾಗುತ್ತಾನೆ. ನೋವೋ ಭಯವೋ ಆದಾಗ ರಾಕ್ಷಸನಾಗುವ ಗುಣವು ಹಾಗೆಯೇ ಉಳಿದಿದೆ. ಆದರೆ ಅದರ ಅರ್ಥ ಬದಲಾಗಿದೆ. ತಾನು ಯಾವಾಗ ಯಾರನ್ನು ಘಾಸಿಗೊಳಿಸುವೆನೋ ಎಂಬ ಅಳುಕಿನಿಂದಲೇ ಬದುಕುವ ಸಾಧು ಜೀವಿಯಾಗಿ ಅವನು ತೋರುತ್ತಾನೆ. ಸಿಟ್ಟು ಬಂದಾಗ ತನ್ನನ್ನು ತಾನೇ ಹಿಡಿದುಕೊಳ್ಳಲಾರದ ಯಾವ ಮಗುವಿಗೆ ತಾನೆ ಇದು ಅರ್ಥವಾಗದು? ನಿಯಮವು ಸ್ವಭಾವವಾಯಿತು, ದಂಡವು ದುಃಖವಾಯಿತು. ಹಾಸ್ಯವೂ ಉಳಿಯಿತು.

ರಾಜಕುಮಾರಿಯದೂ ಇದೇ ಬಗೆಯ ಬದಲಾವಣೆ. ಆಟದಲ್ಲಿ ಅವಳು ದಾರಿಯ ಕೊನೆಯಲ್ಲಿರುವ ಬಹುಮಾನ. ಬಹುಮಾನಕ್ಕೆ ಇಚ್ಛೆಯಿರಬೇಕಾಗಿಲ್ಲ. ಕಂತಿನಿಂದ ಕಂತಿಗೆ ಬಾಳಬೇಕಾದ ಪಾತ್ರಕ್ಕಾದರೋ ಇಚ್ಛೆಯು ಅವಶ್ಯ. ಆದ್ದರಿಂದ ಧಾರಾವಾಹಿಯ ರಾಜಕುಮಾರಿಯು ಆಯುಧ ಹಿಡಿದು ಹೋರಾಡಬಲ್ಲವಳು. ಜಿಮ್‌ನ ಜಂಬಕ್ಕೆ ಸುಲಭವಾಗಿ ಮಾರುಹೋಗದವಳು.

ಸೋಲಿನ ಸಮಸ್ಯೆ

ಆಟಕ್ಕೂ ಕಥೆಗೂ ಇರುವ ಇನ್ನೊಂದು ಮುಖ್ಯ ಭೇದವು ಸೋಲಿಗೆ ಸಂಬಂಧಿಸಿದುದು. ಆಟದಲ್ಲಿ ನಾಯಕನು ಹತ್ತಾರು ಸಲ ಸಾಯುವನು. ಒಂದೊಂದು ಸಾವೂ ಆಟಗಾರನಿಗೆ ಒಂದೊಂದು ಪಾಠ; ಕಲಿತವನು ಅದೇ ಜಾಗದಿಂದ ಮತ್ತೆ ಹೊರಡುವನು. ಕಥೆಯ ಕಾಲವು ಹೀಗೆ ಹಿಂದಿರುಗುವುದಿಲ್ಲ. ನಾಯಕನು ಸತ್ತರೆ ಧಾರಾವಾಹಿಯೇ ಮುಗಿಯಿತು. ಸೋಲದೆಯೇ ಇದ್ದರೆ ಕುತೂಹಲವು ಮುಗಿಯಿತು. ನಗೆಪಾಟಲಾಗುವ ಸೋಲು ಈ ಇಕ್ಕಟ್ಟಿನಿಂದ ಪಾರಾಗುವ ದಾರಿ.

ಇದಕ್ಕೆ ಒಂದು ಹಸುವು ನೆರವಾಯಿತು. ಆಟದ ಮೊದಲ ಘಟ್ಟದಲ್ಲಿ ಜಿಮ್ ಒಂದು ತಂಗಳುಪೆಟ್ಟಿಗೆಯನ್ನು ಬೀಳಿಸಿದಾಗ ಅದರ ರಭಸಕ್ಕೆ ಒಂದು ಹಸುವು ಆಕಾಶಕ್ಕೆ ಚಿಮ್ಮಿಹೋಗುತ್ತದೆ. ಆಟಗಾರನು ಅದನ್ನು ಮರೆತೇ ಬಿಡುವನು. ಎಲ್ಲ ಶತ್ರುಗಳನ್ನೂ ಗೆದ್ದು ರಾಜಕುಮಾರಿಯನ್ನು ಸಮೀಪಿಸಿದಾಗ ಅದೇ ಹಸುವು ಮೇಲಿನಿಂದ ಅವಳ ಮೇಲೆ ಬೀಳುತ್ತದೆ! ಅಷ್ಟು ಗಂಟೆಗಳ ಶ್ರಮದ ಫಲವು ಒಂದು ನಗೆ. ಧಾರಾವಾಹಿಯವರು ಈ ಒಂದೇ ಸಲದ ವಿನೋದವನ್ನು ಪ್ರತಿ ಕಂತಿನ ಮುಕ್ತಾಯವನ್ನಾಗಿ ಮಾಡಿಕೊಂಡರು. ಕಂತಿನ ಕೊನೆಗೆ ಹಸುವು ಬೀಳುವುದು ನಿಶ್ಚಯ. ಯಾರ ಮೇಲೆ ಎಂಬುದೇ ಪ್ರಶ್ನೆ. ಆಟದಲ್ಲಿ ಅನಿರೀಕ್ಷಿತವಾಗಿದ್ದುದು ಇಲ್ಲಿ ನಿರೀಕ್ಷೆಯ ಸಂತೋಷವಾಯಿತು. ಕೈಯಿಂದ ಗುಂಡಿಯನ್ನು ಕಳೆದುಕೊಂಡ ಮಗುವಿಗೆ, ಮುಂದಾಗುವುದನ್ನು ಊಹಿಸುವ ಅಧಿಕಾರವನ್ನಾದರೂ ಹಿಂದಕ್ಕೆ ಕೊಟ್ಟಂತಾಯಿತು.

ಕಥೆಯೋ ಜಾಹೀರಾತೋ?

ಪ್ರಕಾಶಕರು ಆಟಿಕೆ ತಯಾರಕರೆಂದು ಮೇಲೆ ಹೇಳಿದೆವಷ್ಟೆ. 1995ರಲ್ಲಿ ಜಿಮ್‌ನ ಬೊಂಬೆಗಳೂ ಅಂಗಡಿಗೆ ಬಂದುವು. ಆಟ, ಧಾರಾವಾಹಿ, ಬೊಂಬೆ ಈ ಮೂರೂ ಒಂದನ್ನೊಂದು ಮಾರುವ ಸರಕುಗಳು. ಕಥೆಗೂ ಜಾಹೀರಾತಿಗೂ ಇರುವ ಗೆರೆಯನ್ನು ಚಿಕ್ಕ ಮಕ್ಕಳು ಸುಲಭವಾಗಿ ಗುರುತಿಸಲಾರರು. ಈ ಕಾರಣದಿಂದ ಅಮೆರಿಕದಲ್ಲಿ 1990ರ ಮಕ್ಕಳ ಟೆಲಿವಿಷನ್ ಶಾಸನವು ಮಕ್ಕಳ ಕಾರ್ಯಕ್ರಮಗಳಲ್ಲಿ ಜಾಹೀರಾತಿನ ಅವಧಿಯನ್ನು ವಾರಾಂತ್ಯದಲ್ಲಿ ಗಂಟೆಗೆ 10.5 ನಿಮಿಷಕ್ಕೂ ಇತರ ದಿನಗಳಲ್ಲಿ 12 ನಿಮಿಷಕ್ಕೂ ಮಿತಗೊಳಿಸಿತು. ಧಾರಾವಾಹಿಯ ನಡುವೆ ಅದಕ್ಕೇ ಸಂಬಂಧಿಸಿದ ಆಟಿಕೆಯ ಜಾಹೀರಾತನ್ನು ತೋರಿಸಿದರೆ ಇಡೀ ಕಾರ್ಯಕ್ರಮವನ್ನೇ ಜಾಹೀರಾತೆಂದು ಎಣಿಸುವ ನಿಯಮವೂ ಬಂದಿತು.

ಕಾನೂನು ನಿಮಿಷಗಳನ್ನು ಅಳೆಯಬಲ್ಲುದು. ಕಥೆಯ ಪ್ರಾಮಾಣಿಕತೆಯನ್ನು ಅಳೆಯಲಾರದು. ಅದನ್ನು ಅಳೆಯಲು ವಾಚಕರಿಗೆ ಒಂದು ಸುಲಭವಾದ ಒರೆಗಲ್ಲುಂಟು. ಆಟವನ್ನು ಎಂದೂ ಆಡದ, ಬೊಂಬೆಯನ್ನು ಎಂದೂ ಕೊಳ್ಳದ ಮಗುವು ಧಾರಾವಾಹಿಯನ್ನು ನೋಡಿ ಆನಂದಿಸಬಲ್ಲುದೆ? ಬಲ್ಲುದಾದರೆ ಅದು ಕಥೆ. ಪೀಟರನ ಅಳುಕನ್ನು ಅರಿಯಲು ಆಟದ ಆ ಘಟ್ಟವನ್ನು ದಾಟಿರಬೇಕಾಗಿಲ್ಲ. ಈ ಮಟ್ಟಿಗೆ ಈ ಧಾರಾವಾಹಿಯು ಪರೀಕ್ಷೆಯಲ್ಲಿ ಉತ್ತೀರ್ಣವಾಗಿದೆಯೆನ್ನಬಹುದು.

ಹಾಗೆಂದು ಅದು ಬಹುಕಾಲ ಬಾಳಲಿಲ್ಲ. 23 ಕಂತುಗಳಾದ ಮೇಲೆ 1996ರಲ್ಲಿ ಮುಕ್ತಾಯವಾಯಿತು. ಒಳ್ಳೆಯ ರೂಪಾಂತರವೆಲ್ಲವೂ ದೀರ್ಘಾಯುವಾಗಬೇಕೆಂಬ ನಿಯಮವಿಲ್ಲ. ಆದರೆ ಅದು ಬಿಟ್ಟುಹೋದ ಪಾಠವು ಬೆಲೆಯುಳ್ಳದು: ಆಟದ ವೇಷವನ್ನೂ ಶತ್ರುಗಳನ್ನೂ ಯಥಾವತ್ತಾಗಿ ನಕಲು ಮಾಡುವುದರಿಂದ ನಿಷ್ಠೆ ಸಿದ್ಧಿಸದು, ಆಟಗಾರನ ಕೈಯು ಮಾಡುತ್ತಿದ್ದ ಕೆಲಸವನ್ನು ಇನ್ನು ಮುಂದೆ ಯಾವುದು ಮಾಡಬೇಕು ಎಂಬುದನ್ನು ಕಂಡುಹಿಡಿಯಬೇಕು.

ವಿದ್ಯಾರ್ಥಿಗಳು ಇದನ್ನು ತಾವೇ ಪ್ರಯೋಗಿಸಿ ನೋಡಬಹುದು. ತಮಗೆ ಬಲ್ಲ ಒಂದು ಆಟವನ್ನು, ವಿಡಿಯೊ ಆಟವಾಗಲಿ, ಚೌಕಾಬಾರವಾಗಲಿ, ಆರಿಸಿಕೊಂಡು ಅದರ ನಿಯಮಗಳನ್ನು ಒಂದೊಂದಾಗಿ ಬರೆಯಲಿ. ಬಳಿಕ ಪ್ರತಿಯೊಂದು ನಿಯಮದ ಎದುರಿಗೆ, ಅದು ಒಬ್ಬ ಮನುಷ್ಯನ ಸ್ವಭಾವವಾಗಿದ್ದರೆ ಆ ಮನುಷ್ಯನು ಎಂಥವನು ಎಂದು ಬರೆಯಲಿ. ಎರಡನೆಯ ಪಟ್ಟಿಯನ್ನು ಓದಿದಾಗ ಕಣ್ಣಮುಂದೆ ಒಂದಿಬ್ಬರಾದರೂ ಎದ್ದು ನಿಂತರೆ, ಆ ಆಟದಲ್ಲಿ ಕಥೆಯುಂಟು. ಯಾರೂ ಎದ್ದು ಬಾರದಿದ್ದರೆ, ಆ ಆಟವನ್ನು ಆಡಿ ಸಂತೋಷಪಡುವುದೇ ಲೇಸು.