ಸೊಂಡಿಲು ಮಗುವೇ ಹೊಸೆಯಲಿ

ಮನೆಯಲ್ಲಿ ಪುಟ್ಟ ಮಗುವಿದ್ದರೆ ಈ ಸಲದ ಚೌತಿಗೆ ಗಣಪನನ್ನು ಕೊಳ್ಳಬೇಡಿ, ಮನೆಯಲ್ಲೇ ಮಾಡಿ. ಹಬ್ಬದ ಹಿಂದಿನ ದಿನ ಕೂತರೆ ಆಗದು. ವಾರ ಮೊದಲೇ ಜೇಡಿಮಣ್ಣು ತಂದಿಡಿ. ಕಲ್ಲು, ಕಸ ಆರಿಸಿ, ಚಪಾತಿ ಹಿಟ್ಟಿನ ಹದಕ್ಕೆ ನಾದಿ. ಹೊಟ್ಟೆ, ತಲೆಯ ಉಂಡೆ ನೀವು ಕಟ್ಟಿ. ಸೊಂಡಿಲು ಹೊಸೆಯುವುದು, ಕಿವಿ ತಟ್ಟುವುದು ಮಗುವಿಗಿರಲಿ. ತಲೆ ಜಾರದಂತೆ ಕತ್ತಿನೊಳಗೊಂದು ಕಡ್ಡಿ ಸಿಕ್ಕಿಸಿ. ಅಂಟಿಸುವ ಜಾಗವನ್ನು ಎರಡೂ ಕಡೆ ಗೀಚಿ, ನೀರಾದ ಮಣ್ಣು ಸವರಿದರೆ ಕಿವಿ ಉದುರುವುದಿಲ್ಲ. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ, ನೆರಳಲ್ಲೇ ಒಣಗಿಸಿ. ಬಣ್ಣಕ್ಕೆ ಅರಿಶಿನ ಸಾಕು (ಕುಂಕುಮ ಮಗುವಿನ ಕೈಗೆ ಸಿಕ್ಕರೆ ಗೋಡೆಯೂ ಕೆಂಪಾದೀತು!). ಸೊಂಡಿಲು ಸೊಟ್ಟಗಾಯಿತೆಂದು, ಮಗು ಮಲಗಿದ ಮೇಲೆ ತಿದ್ದಲು ಹೋಗಬೇಡಿ. ಪೂಜೆಗೆ ಅದೇ ಕೂರಲಿ. ವಿಸರ್ಜನೆಗೆ ಒಂದು ಬಕೆಟ್ ನೀರು ಸಾಕು. ಕರಗಿದ ಮಣ್ಣನ್ನು ತುಳಸಿಯ ಬುಡ ಬಿಟ್ಟು ಬೇರೆ ಹೂಕುಂಡಕ್ಕೆ ಹಾಕಿ.