ಯೀಸ್ಟ್ ಕಲಿಸಿದ ಪಾಠ

ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳು ಘಟಪ್ರಭೆಯ ನೀರುಂಡು ಬೆಳೆದ ಕಬ್ಬಿನ ನಾಡು. ಕಬ್ಬು ಕಟಾವಿಗೆ ಬಂದಿತೆಂದರೆ ಇಲ್ಲಿಯ ಹಾದಿಗಳ ತುಂಬ ಕಬ್ಬು ಹೇರಿದ ಬಂಡಿಗಳೂ ಟ್ರ್ಯಾಕ್ಟರುಗಳೂ ಸಾಲುಗಟ್ಟಿ ಸಾಗುತ್ತವೆ. ಹಳ್ಳಿಯ ಆಲೆಮನೆಗಳಲ್ಲಿ ಬೆಲ್ಲ ಸಿದ್ಧವಾದರೆ, ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಕಾರ್ಖಾನೆಯಂಥ ಕಡೆಗಳಲ್ಲಿ ಸಕ್ಕರೆ ತಯಾರಾಗುತ್ತದೆ. ಸಕ್ಕರೆಯ ಹರಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ಕಪ್ಪು ಪಾಕವೇ ಕಾಕಂಬಿ. ಇದನ್ನು ಹುದುಗಿಸಿ, ಬಟ್ಟಿ ಇಳಿಸಿ ಮದ್ಯಸಾರವನ್ನು ಪಡೆಯುತ್ತಾರೆ. ಪೆಟ್ರೋಲಿನಲ್ಲಿ ಬೆರೆಸುವ ಇಥೆನಾಲ್ ಇದೇ. ಹುದುಗಿಸುವ ಕಾರ್ಯವನ್ನು ಮಾಡುವುದು ಯಂತ್ರವಲ್ಲ. ಕಣ್ಣಿಗೆ ಕಾಣದ ಯೀಸ್ಟ್ ಎಂಬ ಜೀವಿ. ಬೇಕರಿಯ ಪಾವನ್ನು ಉಬ್ಬಿಸುವುದೂ ಇದೇ. ಮನುಷ್ಯನ ಶರೀರದ ಗುಟ್ಟುಗಳನ್ನು ವಿಜ್ಞಾನಿಗಳಿಗೆ ಬಿಡಿಸಿ ತೋರಿಸಿದ ಕೀರ್ತಿಯೂ ಇದಕ್ಕೆ ಸಲ್ಲುತ್ತದೆಂದರೆ ಯಾರಿಗಾದರೂ ಅಚ್ಚರಿಯಾದೀತು.

ಯೀಸ್ಟ್ ಅಣಬೆಯ ವರ್ಗಕ್ಕೆ ಸೇರಿದ ಏಕಕೋಶ ಜೀವಿ. ಒಂದು ಮಿಲಿಮೀಟರಿನ ಉದ್ದದಲ್ಲಿ ಸುಮಾರು 200 ಯೀಸ್ಟ್ ಕೋಶಗಳನ್ನು ಸಾಲಾಗಿ ಜೋಡಿಸಬಹುದು. ತಾಯಿಕೋಶದ ಮೈಮೇಲೆ ಚಿಕ್ಕ ಮೊಗ್ಗು ಮೂಡಿ, ಬೆಳೆದು, ಬೇರ್ಪಟ್ಟು ಹೊಸ ಕೋಶವಾಗುತ್ತದೆ. ಸಕ್ಕರೆಯೂ ಹಿತವಾದ ಬಿಸುಪೂ ದೊರೆತರೆ ಇದಕ್ಕೆ ಬೇಕಾಗುವುದು ಸುಮಾರು ಒಂದೂವರೆ ಗಂಟೆ. ಈ ಲೆಕ್ಕದಂತೆ ಒಂದೇ ಕೋಶವು ಒಂದು ದಿನದಲ್ಲಿ 16 ಸಲ ಇಮ್ಮಡಿಸಿ 65,536 ಕೋಶಗಳಾಗುತ್ತದೆ!

ಫ್ರಾನ್ಸಿನ ಲೂಯಿ ಪಾಶ್ಚರನು ಹುದುಗುವಿಕೆಯು ಜೀವಿಗಳ ಕಾರ್ಯವೆಂದು 1857ರಿಂದ ನಡೆಸಿದ ಪ್ರಯೋಗಗಳಿಂದ ತೋರಿಸಿಕೊಟ್ಟನು. 1897ರಲ್ಲಿ ಜರ್ಮನಿಯ ಎಡ್ವರ್ಡ್ ಬುಕ್ನರನು ಯೀಸ್ಟನ್ನು ಅರೆದು ಹಿಂಡಿ ತೆಗೆದ ರಸವೂ ಸಕ್ಕರೆಯನ್ನು ಹುದುಗಿಸಬಲ್ಲುದೆಂದು ಕಂಡುಕೊಂಡನು. ಜೀವಕೋಶದೊಳಗಿನ ರಾಸಾಯನಿಕ ಕ್ರಿಯೆಗಳನ್ನು ಪ್ರಯೋಗನಳಿಕೆಯಲ್ಲಿ ಅಭ್ಯಸಿಸುವ ಬಾಗಿಲು ಹೀಗೆ ತೆರೆಯಿತು.

ಮನುಷ್ಯನ ಮೇಲೆ ಮನಬಂದಂತೆ ಪ್ರಯೋಗ ಮಾಡುವುದು ಸಲ್ಲದು. ಆದುದರಿಂದ ವಿಜ್ಞಾನಿಗಳು ಸರಳವಾದ ಜೀವಿಯೊಂದನ್ನು ಆರಿಸಿಕೊಂಡು, ಅದರಲ್ಲಿ ಕಂಡ ನಿಯಮಗಳು ಉಳಿದ ಜೀವಿಗಳಿಗೂ ಹೊಂದುತ್ತವೆಯೇ ಎಂದು ಪರೀಕ್ಷಿಸುತ್ತಾರೆ. ಇಂಥದನ್ನು ಮಾದರಿ ಜೀವಿ ಎನ್ನುವರು. ಯೀಸ್ಟಿನ ಸಾಕಣೆಗೆ ವೆಚ್ಚ ಕಡಿಮೆ. ಅದರ ಕೋಶದಲ್ಲಿ ನಮ್ಮ ಕೋಶದಲ್ಲಿರುವಂತೆಯೇ ನ್ಯೂಕ್ಲಿಯಸ್ಸೂ ವರ್ಣತಂತುಗಳೂ ಉಂಟು. ನಮ್ಮಲ್ಲಿ ಪ್ರತಿಯೊಂದು ವಂಶವಾಹಿಗೂ ಸಾಮಾನ್ಯವಾಗಿ ಎರಡು ಪ್ರತಿಗಳಿರುವುದರಿಂದ ಒಂದರ ದೋಷವನ್ನು ಇನ್ನೊಂದು ಮುಚ್ಚಿಬಿಡಬಹುದು. ಯೀಸ್ಟಾದರೋ ಒಂದೇ ಪ್ರತಿಯಿಂದಲೂ ಬಾಳಬಲ್ಲುದು. ಅಲ್ಲಿ ದೋಷವು ಅಡಗಿ ಕೂಡಲಾರದು.

ಈ ಗುಣವನ್ನು ಅಮೆರಿಕದ ಲೀಲ್ಯಾಂಡ್ ಹಾರ್ಟ್‌ವೆಲ್ ಚೆನ್ನಾಗಿ ಬಳಸಿಕೊಂಡರು. ಒಂದು ಕೋಶ ಎರಡಾಗುವ ಕ್ರಿಯೆಯನ್ನು ಯಾವ ಯಾವ ವಂಶವಾಹಿಗಳು ನಡೆಸುತ್ತವೆ ಎಂಬುದು ಅವರ ಪ್ರಶ್ನೆಯಾಗಿತ್ತು. ಆಲೆಮನೆಯ ಉದಾಹರಣೆಯಿಂದ ಅವರ ವಿಧಾನವನ್ನು ತಿಳಿಯಬಹುದು. ಅಲ್ಲಿ ಒಬ್ಬನು ಕಬ್ಬು ಅರೆಯುತ್ತಾನೆ, ಒಬ್ಬನು ಒಲೆಗೆ ಉರಿ ಹಾಕುತ್ತಾನೆ, ಮತ್ತೊಬ್ಬನು ಪಾಕವನ್ನು ಅಚ್ಚಿಗೆ ಹೊಯ್ಯುತ್ತಾನೆ. ಯಾರು ಬಾರದಿದ್ದರೆ ಕೆಲಸ ಯಾವ ಹಂತದಲ್ಲಿ ನಿಲ್ಲುವುದೆಂದು ನೋಡಿದರೆ ಯಾರ ಹೊಣೆ ಯಾವುದೆಂದು ಗೊತ್ತಾಗುತ್ತದೆ. ಹಾರ್ಟ್‌ವೆಲ್ ಹುಡುಕಿದ್ದು 23 ಡಿಗ್ರಿ ಉಷ್ಣತೆಯಲ್ಲಿ ಸರಿಯಾಗಿ ಬೆಳೆದು, 36 ಡಿಗ್ರಿಯಲ್ಲಿ ವಿಭಜನೆಯನ್ನು ನಿಲ್ಲಿಸಿಬಿಡುವ ದೋಷಯುಕ್ತ ಯೀಸ್ಟನ್ನು. ಒಂದು ಬಗೆಯ ದೋಷವಿದ್ದ ಕೋಶಗಳು ಮೊಗ್ಗು ಮೂಡುವ ಮೊದಲೇ ನಿಂತವು. ಇನ್ನೊಂದು ಬಗೆಯವು ಮೊಗ್ಗು ದೊಡ್ಡದಾದ ಮೇಲೆ ನಿಂತವು. ಮೊಗ್ಗಿನ ಗಾತ್ರವೇ ಗಡಿಯಾರದ ಮುಳ್ಳಿನಂತೆ ಹಂತವನ್ನು ತೋರಿಸಿತು. ಹೀಗೆ ಕೋಶವಿಭಜನೆಗೆ ಬೇಕಾದ ನೂರಕ್ಕೂ ಹೆಚ್ಚು ವಂಶವಾಹಿಗಳು ಬೆಳಕಿಗೆ ಬಂದವು.

ಇಂಗ್ಲೆಂಡಿನ ಪಾಲ್ ನರ್ಸ್ ಬೇರೊಂದು ಜಾತಿಯ ಯೀಸ್ಟಿನಲ್ಲಿ ಇದೇ ಬಗೆಯ ಸಂಶೋಧನೆ ನಡೆಸಿ, ವಿಭಜನೆಯನ್ನು ನಿಯಂತ್ರಿಸುವ ಮುಖ್ಯ ವಂಶವಾಹಿಯೊಂದನ್ನು ಗುರುತಿಸಿದರು. 1987ರಲ್ಲಿ ಅವರೂ ಸಹೋದ್ಯೋಗಿ ಮೆಲನಿ ಲೀಯವರೂ ಆ ವಂಶವಾಹಿ ಕೆಟ್ಟುಹೋದ ಯೀಸ್ಟಿಗೆ ಮನುಷ್ಯನ ವಂಶವಾಹಿಗಳನ್ನು ಸೇರಿಸಿ ನೋಡಿದರು. ಅವುಗಳಲ್ಲಿ ಒಂದು ಆ ಕೊರತೆಯನ್ನು ತುಂಬಿತು. ನಿಂತಿದ್ದ ಕೋಶ ವಿಭಜಿಸತೊಡಗಿತು! ಸುಮಾರು ನೂರು ಕೋಟಿ ವರ್ಷಗಳ ಹಿಂದೆ ಒಂದೇ ಮೂಲದಿಂದ ಕವಲೊಡೆದ ಎರಡು ಜೀವಿಗಳು ಒಂದೇ ಕೀಲಿಯನ್ನು ಇಂದಿಗೂ ಉಳಿಸಿಕೊಂಡಿದ್ದವು. ಹಾರ್ಟ್‌ವೆಲ್, ನರ್ಸ್ ಹಾಗೂ ಟಿಮ್ ಹಂಟ್ ಅವರಿಗೆ 2001ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಕೋಶಗಳು ಅಂಕೆಯಿಲ್ಲದೆ ವಿಭಜಿಸುವುದೇ ಕ್ಯಾನ್ಸರ್. ಈ ಕೀಲಿಯ ಸಂಬಂಧಿಗಳಾದ ಸಸಾರಜನಕಗಳನ್ನು ತಡೆಯುವ ಔಷಧಗಳು ಇಂದು ಕೆಲವು ಬಗೆಯ ಸ್ತನ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಬಳಕೆಗೆ ಬಂದಿವೆ.

ಕನ್ನಡ ನಾಡಿನಲ್ಲಿಯೂ ಯೀಸ್ಟಿನ ಅಭ್ಯಾಸಕ್ಕೆ ಹಿಂದಿನ ಪರಂಪರೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1940ರ ದಶಕದಲ್ಲಿಯೇ ಎಂ. ಕೆ. ಸುಬ್ರಹ್ಮಣ್ಯಂ ಅವರು ಬಿ. ರಂಗನಾಥನ್ ಅವರೊಡನೆ ಯೀಸ್ಟಿನ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿದರು. ಮುಂದೆ ಅದೇ ಸಂಸ್ಥೆಯಲ್ಲಿ ಕೆ. ಮುನಿಯಪ್ಪ ಅವರು ವರ್ಣತಂತುಗಳು ಜೋಡಿಯಾಗುವ ಬಗೆಯನ್ನೂ, ಉಷಾ ವಿಜಯರಾಘವನ್ ಅವರು ವಂಶವಾಹಿಯ ಸಂದೇಶವನ್ನು ಕೋಶವು ತಿದ್ದಿಕೊಳ್ಳುವ ಬಗೆಯನ್ನೂ ಯೀಸ್ಟಿನ ನೆರವಿನಿಂದ ಅಭ್ಯಸಿಸಿದ್ದಾರೆ.

ಯೀಸ್ಟಿನ ಸುಮಾರು 6,000 ವಂಶವಾಹಿಗಳ ಸಂಪೂರ್ಣ ಬರಹವನ್ನು 1996ರಲ್ಲಿ ಓದಿ ಮುಗಿಸಲಾಯಿತು. ಅದರ ಬಾಳಿಗೆ ಅನಿವಾರ್ಯವಾದ 414 ವಂಶವಾಹಿಗಳ ಸ್ಥಾನದಲ್ಲಿ ಮನುಷ್ಯನವುಗಳನ್ನು ಇರಿಸಿ ಅಮೆರಿಕದ ವಿಜ್ಞಾನಿಗಳು ಪರೀಕ್ಷಿಸಿದ ಫಲವು 2015ರಲ್ಲಿ ಪ್ರಕಟವಾಯಿತು. ಸುಮಾರು ಅರ್ಧದಷ್ಟು ಸರಿಯಾಗಿ ಕೆಲಸ ಮಾಡಿದವು, ಉಳಿದವು ಮಾಡಲಿಲ್ಲ. ಯೀಸ್ಟಿಗೆ ನರಗಳಿಲ್ಲ, ರಕ್ತವಿಲ್ಲ, ಹೃದಯವಿಲ್ಲ. ಆದುದರಿಂದ ಎಲ್ಲ ಪ್ರಶ್ನೆಗಳಿಗೂ ಅದರಲ್ಲಿ ಉತ್ತರವನ್ನು ಅರಸಲಾಗದು. ಆದರೆ ಕೋಶ ಹೇಗೆ ಬಾಳುತ್ತದೆ, ಹೇಗೆ ಎರಡಾಗುತ್ತದೆ ಎಂದು ಕೇಳಿದರೆ, ಕಾಕಂಬಿಯ ತೊಟ್ಟಿಯಲ್ಲಿ ನೊರೆಯೆಬ್ಬಿಸುವ ಈ ಕಿರಿಯ ಜೀವಿ ಮನುಷ್ಯನ ಪರವಾಗಿಯೂ ಉತ್ತರ ಕೊಡುತ್ತದೆ.

ಪದಗಳ ಅರ್ಥ

ಕಾಕಂಬಿ – ಸಕ್ಕರೆ ತೆಗೆದ ಮೇಲೆ ಉಳಿಯುವ ಪಾಕ. ಬಿಸುಪು – ಬೆಚ್ಚನೆಯ ಸ್ಥಿತಿ. ವಂಶವಾಹಿ – ಪೀಳಿಗೆಯಿಂದ ಪೀಳಿಗೆಗೆ ಗುಣಗಳನ್ನು ಸಾಗಿಸುವ ಅಂಶ. ಪಾರಿತೋಷಕ – ಬಹುಮಾನ

ಪ್ರಶ್ನೆಗಳು

1. ಮಾದರಿ ಜೀವಿ ಎಂದರೇನು? ಯೀಸ್ಟ್ ಅದಕ್ಕೆ ಏಕೆ ತಕ್ಕುದಾಗಿದೆ?
2. ಹಾರ್ಟ್‌ವೆಲ್ ಅವರ ವಿಧಾನವನ್ನು ಆಲೆಮನೆಯ ಹೋಲಿಕೆಯಿಂದ ವಿವರಿಸಿರಿ.
3. 1987ರ ಪ್ರಯೋಗದಿಂದ ಏನು ತಿಳಿದುಬಂದಿತು?